ಹುಳುಮನೆಯಲ್ಲಿ ಸಿಕ್ಕ ವಿಮಾನದ ಬಾಲ

ವಿಮಾನ ಬಿದ್ದ ಜಾಗಕ್ಕೆ ಮೊದಲು ತಲುಪುವವರು ಊರಿನವರು. ಆಮೇಲೆ ಪೊಲೀಸರು, ಆಮೇಲೆ ಟೀವಿಯವರು. ಎಲ್ಲರೂ ತುಳಿದಾಡಿ ಮುಗಿಸಿದ ಮೇಲೆ ನಾವು. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಮೊದಲು ಇದಕ್ಕೆ ಒಗ್ಗಿಕೊಳ್ಳಬೇಕು. ನಿಮ್ಮ ಸಾಕ್ಷ್ಯ ನಿಮಗಾಗಿ ಕಾಯುತ್ತಾ ಕೂತಿರುವುದಿಲ್ಲ. ನಾನು ಹೋಗಿದ್ದ ಒಂದು ಕಡೆ ರೆಕ್ಕೆಯ ತುಂಡಿನ ಮೇಲೆ ಆಗಲೇ ಯಾರೋ ಹುಣಸೆಹಣ್ಣು ಒಣಹಾಕಿದ್ದರು. ಕೇಳಿದರೆ, ಬಿಸಿಲಿಗೆ ಚೆನ್ನಾಗಿ ಕಾಯುತ್ತೆ ಸಾರ್ ಅಂದರು.

ನಾನು ವಾಯುಪಡೆಯ ತಾಂತ್ರಿಕ ಸಿಬ್ಬಂದಿಯಾಗಿ ಸೇರಿ, ವಾರಂಟ್ ಆಫೀಸರ್ ಆಗಿ ನಿವೃತ್ತನಾದವನು. ಈಗ ಚಿಕ್ಕಬಳ್ಳಾಪುರದಲ್ಲಿ ಮನೆ. ಯಾವ ಬಡ್ತಿ ಯಾವಾಗ ಬಂತು ಎಂಬುದು ನನ್ನ ಹೆಂಡತಿಗೂ ನೆನಪಿಲ್ಲ, ಇಲ್ಲಿ ಅದನ್ನು ಬರೆಯುವುದಿಲ್ಲ. ಸೇವೆಯ ಅರ್ಧಕ್ಕಿಂತ ಹೆಚ್ಚು ಕಾಲ ಅಪಘಾತದ ವಿಚಾರಣಾ ತಂಡಗಳ ಜೊತೆ ತಿರುಗಿದೆ. ವಿಮಾನ ಯಾಕೆ ಬಿತ್ತು ಎಂದು ತೀರ್ಮಾನ ಹೇಳುವವರು ಅಧಿಕಾರಿಗಳು. ತುಂಡುಗಳನ್ನು ಹುಡುಕಿ, ಎತ್ತಿ, ತಂದು, ಜೋಡಿಸಿ ಅವರ ಮುಂದೆ ಇಡುವವನು ನಾನು. ಆ ಕೆಲಸದಲ್ಲಿ ನನ್ನಷ್ಟು ಗಟ್ಟಿಗ ನಮ್ಮ ನೆಲೆಯಲ್ಲಿ ಇನ್ನೊಬ್ಬನಿರಲಿಲ್ಲ. ನಿವೃತ್ತನಾದ ಮೇಲೂ ವಿನಯ ತೋರಿಸಬೇಕೆಂದರೆ ನನ್ನಿಂದಾಗದು.

ಆದರೆ ಶುರುವಿನಲ್ಲಿ ನಾನೂ ಪೆದ್ದನೇ. ಮೊದಲ ಬಾರಿ ನನ್ನನ್ನು ಒಬ್ಬನೇ ಕಳಿಸಿದ್ದು ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿ ಹತ್ತಿರದ ಒಂದು ಜೋಳದ ಹೊಲಕ್ಕೆ. ಹಾರುತ್ತಿದ್ದ ವಿಮಾನದ ರೆಕ್ಕೆಯಡಿಯಿಂದ ಇಂಧನದ ಟ್ಯಾಂಕು ಕಳಚಿ ಅಲ್ಲಿ ಬಿದ್ದಿತ್ತು. ಊರಿನವರು ಬಾಂಬೆಂದುಕೊಂಡು ಸುತ್ತ ಜಾಲಿಮುಳ್ಳು ಹಾಕಿ ದೂರ ನಿಂತಿದ್ದರು. ಹೊಲದ ಯಜಮಾನ, "ಸಿಡಿಯಾಕಿಲ್ಲ ತಾನೇ ಸಾರ್?" ಎಂದು ಕೇಳಿದ. ಹೊಸ ಯೂನಿಫಾರಂ, ಎದುರಿಗೆ ಊರಿಗೆ ಊರೇ. ನಾನು ಮುಳ್ಳು ದಾಟಿ ಹೋಗಿ ಟ್ಯಾಂಕಿನ ಮೇಲೆ ಕುದುರೆ ಏರಿದ ಹಾಗೆ ಕೂತು ತೋರಿಸಿದೆ. ಒಡೆದ ಸಂದಿನಿಂದ ಉಳಿದಿದ್ದ ಇಂಧನವೆಲ್ಲ ನನ್ನ ಪ್ಯಾಂಟಿಗೆ ಹರಿಯಿತು. ಒಂದು ಬೀಡಿಯ ಕಿಡಿ ಸಾಕಿತ್ತು, ಈ ಬರಹ ನಿಮ್ಮ ಕೈಗೆ ಬರುತ್ತಿರಲಿಲ್ಲ. ಸಂಜೆ ನನ್ನ ಮೇಲಧಿಕಾರಿ ಪೂರ್ತಿ ಕೇಳಿಸಿಕೊಂಡು, ಬೈಯದೆ, "ನೀನು ಅದರ ಮೇಲೆ ಕೂತಿದ್ದನ್ನೂ ವರದಿಯಲ್ಲಿ ಬರಿ" ಎಂದರು. ಬರೆದೆ.

ಆಗ ನಮ್ಮ ಸಲಕರಣೆ ಎಂದರೆ ಹಗ್ಗ, ಅಳತೆ ಟೇಪು, ದಿಕ್ಸೂಚಿ, ಪೆನ್ಸಿಲ್ಲು. ಹತ್ತು ಜನ ತೋಳಳತೆಯ ಅಂತರದಲ್ಲಿ ಸಾಲಾಗಿ ನಿಂತು ಹೊಲ, ಕೆರೆಯಂಗಳ, ಬಂಡೆಗುಡ್ಡ ಎಲ್ಲವನ್ನೂ ನಡೆದು ಹುಡುಕುತ್ತಿದ್ದೆವು. ಈಗ ಡ್ರೋನ್ ಹಾರಿಸುತ್ತಾರೆ, ಮೊಬೈಲಿನಲ್ಲಿ ಚುಕ್ಕೆ ಇಡುತ್ತಾರೆ, ಕಂಪ್ಯೂಟರಿನಲ್ಲಿ ವಿಮಾನವನ್ನು ಮತ್ತೆ ಬೀಳಿಸಿ ನೋಡುತ್ತಾರೆ. ಒಳ್ಳೆಯದೇ. ನನ್ನ ಮೊಣಕಾಲಿಗೆ ಆ ಡ್ರೋನ್ ಇಪ್ಪತ್ತು ವರ್ಷ ಮೊದಲೇ ಬರಬೇಕಿತ್ತು. ಆದರೆ ಡ್ರೋನಿಗೆ ಮನೆಯೊಳಗೆ ಇರುವುದು ಕಾಣುವುದಿಲ್ಲ. ಬಾಗಿಲಲ್ಲಿ ನಿಂತ ನನಗೂ ಒಮ್ಮೆ ಕಾಣಲಿಲ್ಲ. ಈ ಬರಹವನ್ನು ಬರೆಯಲು ಕೂತದ್ದೇ ಅದನ್ನು ಹೇಳುವುದಕ್ಕೆ.

ಅದೊಂದು ತರಬೇತಿ ವಿಮಾನ. ಮುಂದಿನ ಸೀಟಿನಲ್ಲಿ ಕಲಿಯುವವರು, ಹಿಂದಿನದರಲ್ಲಿ ಕಲಿಸುವವರು. ಬೆಳಗಿನ ಹಾರಾಟದಲ್ಲಿ ಶಿಡ್ಲಘಟ್ಟದ ಮೇಲಿಂದ ಚಿಂತಾಮಣಿ ಕಡೆಗೆ ಬರುತ್ತಾ, ಕೆಳಗಿಳಿದು ಮತ್ತೆ ಮೇಲೇಳುವ ಪಾಠ ನಡೆಯುತ್ತಿದ್ದಾಗ ಹಿಡಿತ ತಪ್ಪಿತು. ಇಬ್ಬರೂ ಸೀಟಿನ ಸಮೇತ ಹೊರಕ್ಕೆ ಚಿಮ್ಮಿ ಪ್ಯಾರಾಶೂಟಿನಲ್ಲಿ ಇಳಿದರು. ವಿಮಾನ ಚಿಂತಾಮಣಿ ದಾಟಿ ಮುರುಗಮಲ್ಲದ ದಿಕ್ಕಿನ ಒಂದು ಬಂಡೆಗಾಡಿನಲ್ಲಿ ಬಿದ್ದು ಉರಿಯಿತು. ನೆಲದಲ್ಲಿ ಯಾರಿಗೂ ಏನೂ ಆಗಲಿಲ್ಲ. ಬೋಧಕರು ಬಂಡೆಯ ಮೇಲೆ ಇಳಿದು ಕಾಲು ಮುರಿದುಕೊಂಡರು. ಮುರುಗಮಲ್ಲದ ದರ್ಗಾಕ್ಕೆ ಹೊರಟಿದ್ದ ಬಸ್ಸಿನ ಜನ ಇಳಿದು ಓಡಿಬಂದು, ದರ್ಗಾಕ್ಕೆ ಹೊದಿಸಲು ತಂದಿದ್ದ ಹಸಿರು ಚಾದರಿನಲ್ಲೇ ಅವರನ್ನು ಮಲಗಿಸಿ ರಸ್ತೆಗೆ ಹೊತ್ತು ತಂದರು. ಕಲಿಯುತ್ತಿದ್ದವಳು ಕೀರ್ತಿ, ಮಂಡ್ಯದ ಕಡೆಯ ಹುಡುಗಿ. ರಾಗಿ ಹೊಲಕ್ಕೆ ಇಳಿದವಳು ಬೆನ್ನುಮೂಳೆಗೆ ಪೆಟ್ಟಾಗಿದೆಯೆಂದು ತಾನೇ ಅರಿತುಕೊಂಡು, ಆಂಬುಲೆನ್ಸ್ ಬರುವ ತನಕ ಯಾರಿಗೂ ಎತ್ತಲು ಬಿಡದೆ ಅಂಗಾತ ಮಲಗಿದ್ದಳು. ಹೊಲದ ಹೆಂಗಸರು ಸೆರಗು ಹಿಡಿದು ಅವಳ ಮುಖಕ್ಕೆ ನೆರಳು ಮಾಡಿದ್ದರಂತೆ.

ಬದುಕಿ ಉಳಿದವರ ಹೇಳಿಕೆಯೇ ನಮ್ಮ ಮೊದಲ ದಾರಿ. ಕೀರ್ತಿ ಹೇಳಿದ್ದು ಇಷ್ಟು: "ಮೇಲಕ್ಕೆ ಎಳೀತಿದ್ದೆ ಸಾರ್. ಎಡಗಡೆ ಕಪ್ಪಗೆ ಒಂದು ಹಕ್ಕಿ ಹಾದು ಹೋಯ್ತು. ಹಿಂದೆ ಧಡ್ ಅಂತು. ಆಮೇಲೆ ಕಂಟ್ರೋಲ್ ಸಡಿಲ ಆಗೋಯ್ತು." ಬೋಧಕರು ಹೇಳಿದ್ದು ಬೇರೆ. ಹಕ್ಕಿ ಇರಲಿಲ್ಲ, ಕೆಡೆಟ್ ಗಾಬರಿಯಿಂದ ಜೋರಾಗಿ ಎಳೆದಳು, ಆ ರಭಸಕ್ಕೆ ಬಾಲ ಮುರಿದಿರಬೇಕು ಎಂದು. ಅವರು ಸಾವಿರಾರು ಗಂಟೆ ಹಾರಿದವರು, ಇವಳು ಇನ್ನೂ ಕಲಿಯುವವಳು. ಆ ಹಳೆಯ ವಿಮಾನದಲ್ಲಿ ಹಾರಾಟವನ್ನು ದಾಖಲಿಸುವ ಪೆಟ್ಟಿಗೆ ಇರಲಿಲ್ಲ. ಎರಡು ಮಾತಿನ ನಡುವೆ ತೀರ್ಪು ಕೊಡಬೇಕಾದದ್ದು ಬಾಲದ ಎಡಭಾಗ. ಸುಟ್ಟ ಅವಶೇಷದಲ್ಲಿ ಅದು ಇರಲೇ ಇಲ್ಲ.

ಇಲ್ಲೊಂದು ಪಾಠ ಬರೆದುಕೊಳ್ಳಿ. ಗಾಳಿಯಲ್ಲೇ ಮುರಿಯುವ ವಿಮಾನದಲ್ಲಿ ಮೊದಲು ಕೆಟ್ಟ ಭಾಗ ಮೊದಲು ಬೀಳುತ್ತದೆ. ಹಾಗಾಗಿ ಉರಿಯುವ ರಾಶಿಯನ್ನು ಬಿಟ್ಟು, ಬಂದ ದಾರಿಯಲ್ಲಿ ಹಿಂದಕ್ಕೆ ನಡೆಯಬೇಕು. ನಾನು ತಂಡ ಕಟ್ಟಿಕೊಂಡು ಚಿಂತಾಮಣಿಯಿಂದ ಶಿಡ್ಲಘಟ್ಟದ ಕಡೆಗೆ ಹಿಂದಕ್ಕೆ ನಡೆದೆ. ಮೂರನೆಯ ದಿನ ಶಿಡ್ಲಘಟ್ಟ ತಾಲ್ಲೂಕಿನ ಒಂದು ಊರಿಗೆ ಬಂದೆವು. ಅದರ ಪಕ್ಕದ ಊರು ನನ್ನ ಹುಟ್ಟೂರು. ಆ ಸೀಮೆಯೆಲ್ಲ ಹಿಪ್ಪುನೇರಳೆ ತೋಟ, ಮನೆಮನೆಗೂ ರೇಷ್ಮೆ ಹುಳು. ನಮ್ಮಮ್ಮ ಹುಳು ಮೇಯಿಸಿಯೇ ನನ್ನನ್ನು ಓದಿಸಿದಳು.

ಊರ ಕೊನೆಯ ಮನೆ ನಾರಾಯಣಮ್ಮನದು. ಅರವತ್ತರ ಹೆಂಗಸು, ನಮ್ಮಮ್ಮನನ್ನು ಬಲ್ಲವಳು, ಮಗ ಸೊಸೆಯ ಜೊತೆ ಸೇರಿ ಹುಳು ಸಾಕುತ್ತಿದ್ದಳು. ಮನೆಗೆ ಹೊಂದಿಕೊಂಡೇ ಹುಳುಮನೆ. ಬಾಗಿಲಲ್ಲಿ ಸುಣ್ಣ ಮತ್ತು ಬ್ಲೀಚಿಂಗ್ ಪೌಡರಿನ ಗೆರೆ.

"ನಾಲ್ಕನೇ ಜ್ವರ ಎದ್ದು ಎರಡು ದಿನ ಆಗೈತಪ್ಪ" ಎಂದಳು ಬಾಗಿಲಿಗೆ ಅಡ್ಡ ನಿಂತು. ನಾಲ್ಕನೆಯ ಸಲ ಪೊರೆ ಬಿಟ್ಟ ಹುಳು ಎಂದರೆ ಇನ್ನು ವಾರದಲ್ಲಿ ಗೂಡು ಕಟ್ಟುವ ಹುಳು. ಆ ವಾರದಲ್ಲಿ ಹೊರಗಿನವರ ಕಾಲಿನ ಮಣ್ಣು, ಬೀಡಿಯ ವಾಸನೆ, ಯಾವುದೂ ಒಳಗೆ ಹೋಗಕೂಡದು. ರೋಗ ತಗುಲಿದರೆ ಬೆಳೆ ಪೂರ್ತಿ ಹೋಯಿತು.

"ಒಳಗೆ ವಿಮಾನದ್ದು ಏನಾದ್ರೂ ಐತೇನಕ್ಕ?" ಎಂದು ಕೇಳಿದೆ.

"ಹುಳ ಐತಪ್ಪ, ಇನ್ನೇನಿರ್ತದೆ" ಎಂದು ಒಳಗಿದ್ದ ಸೊಸೆಗೆ ತೆಲುಗಿನಲ್ಲಿ, "ತಲುಪು ಮೂಸೆಯ್ಯಿ" ಎಂದಳು. ಸೊಸೆ ಬಾಗಿಲು ಹಾಕಿಕೊಂಡಳು.

ನನ್ನ ಹಿಂದೆ ಇಬ್ಬರು ಹುಡುಗರು ಬೂಟು ಹಾಕಿಕೊಂಡು ಒಳಗೆ ಹೋಗಲು ತಯಾರಾಗಿದ್ದರು. ಉತ್ತರದ ಕಡೆಯವರು, ಅವರಿಗೆ ಹುಳುಮನೆ ಎಂದರೇನೆಂದೇ ಗೊತ್ತಿಲ್ಲ. ನಾನು ಅವರನ್ನು ತಡೆದು, ರೇಷ್ಮೆ ಹುಳುವಿನ ಮೇಲೆ ಐದು ನಿಮಿಷ ಭಾಷಣವನ್ನೇ ಬಿಗಿದೆ. ನಮ್ಮ ಸೀಮೆಯ ಮರ್ಯಾದೆ ನನಗೆ ಗೊತ್ತಿದೆ ಎಂಬ ಜಂಬ. ಪಟ್ಟಿಯಲ್ಲಿ ಆ ಮನೆಯ ಮುಂದೆ 'ಶೋಧಿಸಲಾಗಿದೆ' ಎಂದು ಬರೆದು, ನನ್ನ ಫೋನ್ ನಂಬರನ್ನು ಅವಳ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ಬಂದೆ. ಉತ್ತರದ ಆ ಹುಡುಗರನ್ನು ಬಿಟ್ಟಿದ್ದರೆ ಅವತ್ತೇ ತುಂಡು ಸಿಗುತ್ತಿತ್ತು. ಆ ಊರಿನ ಬಳಕೆ ಗೊತ್ತಿದ್ದ ನನ್ನಿಂದಲೇ ಅದು ತಪ್ಪಿಹೋಯಿತು.

ಮುಂದಿನ ಒಂದು ವಾರ ನನ್ನ ಸೇವೆಯಲ್ಲೇ ಕೆಟ್ಟ ವಾರ. ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ವಿಮಾನದ ಆಕಾರ ಬರೆದು, ಸಿಕ್ಕ ತುಂಡುಗಳನ್ನೆಲ್ಲ ಅದರದರ ಜಾಗದಲ್ಲಿ ಇಟ್ಟೆವು. ಬಾಲದ ಎಡಗಡೆ ಬರಿ ಗೆರೆ. ವಿಚಾರಣಾ ಮಂಡಳಿಯ ಅಧ್ಯಕ್ಷರು ಒಬ್ಬ ವಿಂಗ್ ಕಮಾಂಡರ್, ಕೆಟ್ಟವರಲ್ಲ. ಆದರೆ ತುಂಡಿಲ್ಲದೆ ಅವರಾದರೂ ಏನು ಮಾಡುತ್ತಾರೆ? ಎರಡು ದಿನಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಆ ಹುಡುಗಿಯನ್ನು ಅದದೇ ಕೇಳುತ್ತಿದ್ದರು. ಯಾವ ಹಕ್ಕಿ? ಎಷ್ಟು ದೊಡ್ಡದು? ಎಷ್ಟು ದೂರದಲ್ಲಿತ್ತು? ಬೋಧಕರು ಯಾಕೆ ನೋಡಲಿಲ್ಲ? ಅವಳೇ ಜೋರಾಗಿ ಎಳೆದದ್ದು ಎಂದು ಬರೆದುಬಿಟ್ಟರೆ ಅವಳ ಹಾರಾಟ ಅಲ್ಲಿಗೆ ಮುಗಿಯಿತು. ಬೆನ್ನು ವಾಸಿಯಾದರೂ ಪೈಲಟ್ ಆಗುವಂತಿಲ್ಲ. ನಾನೂ ಆ ಪ್ರಶ್ನೆ ಕೇಳುವವರ ಜೊತೆ ಎರಡು ಸಲ ಹೋಗಿ ಗೋಡೆಗೆ ಒರಗಿ ನಿಂತಿದ್ದೆ. ಎರಡನೆಯ ಸಲ ಅವಳ ಉತ್ತರ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ. "ಹಕ್ಕಿ ಥರಾ ಇತ್ತು ಸಾರ್" ಎಂದಳು.

ಹತ್ತನೆಯ ದಿನ ಬೆಳಿಗ್ಗೆ ನನ್ನ ಫೋನ್ ರಿಂಗಾಯಿತು.

"ನಾನಪ್ಪ, ನಾರಾಯಣಮ್ಮ. ನಿನ್ನೆ ಹುಳ ಹಣ್ಣಾಗಿ ಚಂದ್ರಂಕಿಗೆ ಬಿಟ್ವಿ. ಈಗ ಬಾ. ನಿಂದೊಂದು ತಗಡು ಐತೆ ನಮ್ಮನ್ಯಾಗೆ."

ಜೀಪಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಪಟ್ಟಿಯಲ್ಲಿ ನಾನೇ ಬರೆದ ಆ ಒಂದು ಪದ ಕಣ್ಣ ಮುಂದೆ ಇತ್ತು.

ಹಣ್ಣಾದ ಹುಳುಗಳು ಗೂಡು ಕಟ್ಟಲೆಂದು ಹೆಣೆದ ಬಿದಿರಿನ ತಟ್ಟೆಗಳ, ಅಂದರೆ ಚಂದ್ರಂಕಿಗಳ ಮೇಲೆ ನೂಲು ಬಿಡುತ್ತಿದ್ದವು. ಒಳಗಿನ ಕಿಟಕಿಗೆ ಅಡ್ಡವಾಗಿ ಬಾಲದ ಎಡತುಂಡು ನಿಂತಿತ್ತು. ಕಿತ್ತಳೆ ಬಣ್ಣ, ಒಂದು ಮಾರಿಗಿಂತ ತುಸು ಉದ್ದ. ಮುಂದಿನ ಅಂಚಿನಲ್ಲಿ ಬಿಂದಿಗೆ ಕೂರುವಷ್ಟು ಗುಳಿ. ಅದನ್ನು ಬಿಟ್ಟರೆ ತೊಳೆದಿಟ್ಟ ತಟ್ಟೆಯ ಹಾಗೆ ಫಳಫಳ.

"ಯಾಕಕ್ಕ ಹೇಳಲಿಲ್ಲ?" ನನ್ನ ದನಿ ಏರಿತ್ತು.

"ಐತೆ ಅಂದಿದ್ರೆ ನಿನ್ನ ಹಿಂದಿದ್ದ ಬೂಟಿನೋರು ಒಳಕ್ಕೆ ನುಗ್ತಿರಲಿಲ್ವಾ? ತಗಡು ಎಲ್ಲಿಗೆ ಹೋಗ್ತದಪ್ಪ? ಹುಳ ಹೋದ್ರೆ ತಿರುಗಿ ಬರ್ತದಾ? ತೋಟದಾಗೆ ಬಿದ್ದಿತ್ತು. ಕಿಟಕಿ ಜಾಲರಿ ಹರಿದೋಗಿತ್ತು, ಹುಳಾನ ಕೊಲ್ಲೋ ಊಜಿ ನೊಣ ಬರ್ತಿತ್ತು. ಅಡ್ಡ ಇಟ್ಟಿದ್ದೆ."

"ತೊಳೆದಿದ್ದೀಯೇನಕ್ಕ ಇದನ್ನ?"

"ತೊಳೀದೆ ಹುಳಮನೆಗೆ ಯಾರಾದ್ರೂ ತರ್ತಾರೇನೋ? ನಿಮ್ಮಮ್ಮ ಏನು ಕಲಿಸಿದ್ಲು ನಿಂಗೆ? ಮೂರು ಸಲ ಬ್ಲೀಚಿಂಗ್ ಹಾಕಿ ಉಜ್ಜಿದೀನಿ. ಹೇಸಿಗೆ, ಎಲ್ಲಾ ರಕ್ತ, ಪುಕ್ಕ."

ಯಾವುದರ ಪುಕ್ಕ ಎಂದೆ.

"ಹದ್ದಿಂದು. ಅರ್ಧ ಹದ್ದು ಅಂಟ್ಕೊಂಡಿತ್ತು. ತಿಪ್ಪೆ ಪಕ್ಕ ಗುಣಿ ತೋಡಿ ಸುಣ್ಣ ಹಾಕಿ ಮುಚ್ಚಿದೆ."

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಆ ಹುಡುಗಿಯ ಇಡೀ ಬದುಕನ್ನು ಉಳಿಸುವ ಸಾಕ್ಷ್ಯವನ್ನು ಈ ಹೆಂಗಸು ಮೂರು ಸಲ ಬ್ಲೀಚಿಂಗ್ ಹಾಕಿ ಉಜ್ಜಿದ್ದಾಳೆ, ಅದು ಒಳಗಿರುವಾಗಲೇ ನಾನು ಬಾಗಿಲಲ್ಲಿ ನಿಂತು ಭಾಷಣ ಬಿಗಿಯುತ್ತಿದ್ದೆ. ಸಿಟ್ಟು ಅವಳ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ. ಅವಳು ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದು ಕೈಗೆ ಕೊಟ್ಟು, "ತಪ್ಪಾಯ್ತೇನಪ್ಪ?" ಎಂದಳು. ಆಗ ಮಾತ್ರ ಅವಳ ಮುಖದಲ್ಲಿ ಹೆದರಿಕೆ ಕಂಡಿತು. ಇಲ್ಲಕ್ಕ, ತಪ್ಪು ನಂದು ಎಂದೆ.

ಗುಣಿ ತೋಡಿಸಿದೆ. ಸುಣ್ಣದಲ್ಲಿ ಒಂದು ರೆಕ್ಕೆ, ಒಂದು ಕಾಲು. ಆದರೆ ಅದೊಂದೇ ಸಾಕಾಗದು. ತಿಪ್ಪೆಯ ಪಕ್ಕದ ಹದ್ದಿಗೂ ತೊಳೆದ ತಗಡಿಗೂ ಸಂಬಂಧವೇನು? ಮಂಡಳಿ ಮೊದಲು ಕೇಳುವುದೇ ಅದನ್ನು. ಹಾಗಾಗಿ ತುಂಡನ್ನು ಅಂಗಳದ ಬಿಸಿಲಿಗೆ ತಂದು, ಭೂತಗನ್ನಡಿ ಹಿಡಿದು, ಗುಳಿಯ ಒಂದೊಂದು ಮಡಿಕೆಯನ್ನೂ ನೋಡುತ್ತಾ ಹೋದೆ. ಎರಡು ಗಂಟೆಯಾಗಿರಬೇಕು. ತಗಡು ಒಳಕ್ಕೆ ಮಡಚಿ, ರಿವೆಟ್ಟುಗಳ ಸಾಲಿನ ಮೇಲೆ ಬಿಗಿಯಾಗಿ ಕೂತಿದ್ದ ಒಂದು ಕಡೆ, ನಾರಾಯಣಮ್ಮನ ಬ್ರಷ್ಷೂ ಹೋಗಲಾರದ ಸಂದಿನಲ್ಲಿ, ಪುಕ್ಕದ ಒಂದು ಎಳೆ ಕಂಡಿತು. ಲೋಹದ ಎರಡು ಪದರದ ನಡುವೆ ಸಿಕ್ಕಿಕೊಂಡಿತ್ತು. ತಗಡು ಮಡಚಿದ ಕ್ಷಣದಲ್ಲೇ ಪುಕ್ಕ ಅಲ್ಲಿದ್ದರೆ ಮಾತ್ರ ಹಾಗೆ ಸಿಕ್ಕಿಕೊಳ್ಳಲು ಸಾಧ್ಯ. ನಾನು ಅದನ್ನು ಮುಟ್ಟಲಿಲ್ಲ. ಫೋಟೋ ತೆಗೆದು, ತುಂಡನ್ನು ಹಾಗೆಯೇ ಸುತ್ತಿ ಜೀಪಿಗೆ ಏರಿಸಿದೆ. ವಿಮಾನಗಳ ಜೊತೆ ಅಷ್ಟು ವರ್ಷ ಕಳೆದರೂ ಅವತ್ತಿನ ಆ ಎರಡು ಗಂಟೆಯಷ್ಟು ಚೆನ್ನಾಗಿ ನಾನು ಯಾವತ್ತೂ ಕೆಲಸ ಮಾಡಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ತಂಡದ ತಾಂತ್ರಿಕ ಅಧಿಕಾರಿ ನನ್ನ ಮೇಲೆ ಪ್ರೀತಿಯಿದ್ದವರು. ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದರು: ಎರಡನೆಯ ಶೋಧದಲ್ಲಿ ಸಿಕ್ಕಿತು ಅಂತ ಬರಿ, ಆ ಹಳೆಯ ಪಟ್ಟಿಯ ಮಾತು ಎತ್ತಬೇಡ, ಯಾರೂ ಕೇಳುವುದಿಲ್ಲ. ಒಪ್ಪಿಬಿಡೋಣ ಅನ್ನಿಸಿದ್ದು ನಿಜ. ಸುಳ್ಳು ಹೇಳಲು ಭಯವೇನೂ ಇರಲಿಲ್ಲ. ಆದರೆ ಹತ್ತು ದಿನ ಆ ತುಂಡು ಎಲ್ಲಿತ್ತು, ಯಾಕೆ ಅಲ್ಲಿತ್ತು, ಯಾರು ತೊಳೆದರು ಎಂಬುದನ್ನು ಬಿಡಿಬಿಡಿಯಾಗಿ ಹೇಳದಿದ್ದರೆ, ನಾಳೆ ಯಾರಾದರೂ ಆ ಪುಕ್ಕವನ್ನೇ ನಾವು ತುರುಕಿದ್ದು ಎನ್ನಬಹುದು. ಆಗ ಮುಳುಗುವವಳು ಕೀರ್ತಿ. ಅಧ್ಯಕ್ಷರ ಮುಂದೆ ನಿಂತು ಹೇಳಿದೆ: ಆ ಮನೆಯನ್ನು ನಾನು ಶೋಧಿಸಿರಲಿಲ್ಲ ಸಾರ್, ಬಾಗಿಲಿಂದಲೇ ಬಂದೆ, ಶೋಧಿಸಿದೆ ಎಂದು ಬರೆದೆ.

ಅವರು ಪೆನ್ನು ಕೊಟ್ಟು ಅಲ್ಲೇ ಬರೆಸಿದರು. ನನ್ನ ಸೇವಾ ದಾಖಲೆಯಲ್ಲಿ ಅದಕ್ಕಾಗಿ ನಾಲ್ಕು ಸಾಲಿನ ಎಚ್ಚರಿಕೆ ಇದೆ. ಮೂರು ಸಾಲು ಬೈಗುಳ. ನಾಲ್ಕನೆಯದರಲ್ಲಿ, ಸಿಬ್ಬಂದಿ ತಾನಾಗಿಯೇ ತಿಳಿಸಿರುತ್ತಾನೆ ಎಂದಿದೆ. ಬಂದ ಪದಕಗಳನ್ನು ಎಲ್ಲಿಟ್ಟಿದ್ದೇನೋ ಮರೆತಿದ್ದೇನೆ, ಆ ಹಾಳೆಯ ನಕಲು ಮಾತ್ರ ಬೀರುವಿನಲ್ಲಿ ಮೇಲೇ ಇದೆ.

ಅದೇ ಮಧ್ಯಾಹ್ನ ಬೋಧಕರು ಊರುಗೋಲು ಹಿಡಿದು ಶೆಡ್ಡಿಗೆ ಬಂದರು. ಗುಳಿಯೊಳಗೆ ಬಗ್ಗಿ ಬಹಳ ಹೊತ್ತು ನೋಡಿದರು. ತಮ್ಮ ಹೇಳಿಕೆಯನ್ನು ತರಿಸಿಕೊಂಡು, ಆ ಕ್ಷಣದಲ್ಲಿ ತಾವು ತಲೆ ತಗ್ಗಿಸಿ ಮೀಟರುಗಳನ್ನು ನೋಡುತ್ತಿದ್ದುದಾಗಿಯೂ, ಹಕ್ಕಿ ಇರಲಿಲ್ಲ ಎಂದದ್ದು ಸರಿಯಲ್ಲವೆಂದೂ, 'ನಾನು ನೋಡಲಿಲ್ಲ' ಎನ್ನಬೇಕಿತ್ತೆಂದೂ ಕೆಳಗೆ ಬರೆದು ಸಹಿ ಹಾಕಿದರು. ಅಷ್ಟು ಹಿರಿಯರು ನಮ್ಮಂಥವರ ಎದುರಿಗೆ ಹಾಗೆ ಬರೆಯುವುದು ಸಣ್ಣ ಮಾತಲ್ಲ. ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟು ಅಲ್ಲೇ ಇಳಿಯಿತು.

ಮರುದಿನ ಬೆಳಿಗ್ಗೆ ಅಧ್ಯಕ್ಷರು ನನ್ನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದರು. ಕೀರ್ತಿ ಹಾಗೆಯೇ ಅಂಗಾತ ಮಲಗಿದ್ದಳು, ತಲೆ ಎತ್ತುವಂತಿರಲಿಲ್ಲ. ನಾವು ಬಾಯಿ ತೆರೆಯುವ ಮೊದಲೇ ದಿಂಬಿನ ಕೆಳಗಿನಿಂದ ಒಂದು ಹಾಳೆ ತೆಗೆದು ಅಧ್ಯಕ್ಷರಿಗೆ ಕೊಟ್ಟಳು. ಅವರು ಓದಿ ನನಗೆ ಕೊಟ್ಟರು. 'ನಾನು ಹಕ್ಕಿಯನ್ನು ನೋಡಿಲ್ಲ, ನನಗೆ ಭ್ರಮೆಯಾಗಿರಬೇಕು, ನಾನೇ ಅತಿಯಾಗಿ ಎಳೆದಿದ್ದೇನೆ' ಎಂದು ಅದರಲ್ಲಿ ಬರೆದು ಸಹಿ ಹಾಕಿದ್ದಳು.

ಅವಳ ಮೇಲೆ ಯಾರೂ ಕೂಗಾಡಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಸುಮ್ಮನೆ ಹತ್ತು ದಿನ ಮರ್ಯಾದೆಯಿಂದ ಅದದೇ ಕೇಳಿದ್ದೆವು, ಅಷ್ಟೆ. ಅದರಲ್ಲಿ ಏಳು ದಿನ ನನ್ನ ಲೆಕ್ಕಕ್ಕೆ ಸೇರಬೇಕಾದವು.

ಅಧ್ಯಕ್ಷರು ನನ್ನ ಕಡೆ ನೋಡಿ, ನೀನೇ ಹೇಳು ಎಂಬಂತೆ ತಲೆ ಆಡಿಸಿದರು.

"ಹದ್ದು ಕಣಮ್ಮ" ಎಂದೆ. "ಬಾಲದ ಎಡಗಡೆಗೆ ಬಡಿದಿದೆ. ತುಂಡು ಸಿಕ್ತು. ಪುಕ್ಕ ಇನ್ನೂ ಅದರೊಳಗೇ ಐತೆ."

ಅವಳು ಚಾವಣಿ ನೋಡುತ್ತಲೇ ಇದ್ದಳು. "ನಿಜವಾಗ್ಲೂ ಇತ್ತಾ ಸಾರ್?" ಎಂದಳು. ಕಣ್ಣಿನ ಎರಡೂ ಬದಿಯಿಂದ ನೀರು ಕಿವಿಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ಕೈ ಚಾಚಿ, "ಆ ಪೇಪರ್ ಕೊಡಿ ಸಾರ್, ಹರಿದು ಹಾಕ್ತೀನಿ" ಎಂದಳು.

ಕೊಡಲು ಹೋದೆ. ಆದರೆ ವಿಚಾರಣೆಯಲ್ಲಿ ಕೈಗೆ ಬಂದ ಒಂದು ಚೂರನ್ನೂ ನಾವು ಎಸೆಯುವುದಿಲ್ಲ. ಅಲ್ಲದೆ ಹೊಸದಾಗಿ ಈ ಕೆಲಸಕ್ಕೆ ಬರುವವರು, ಸರಿಯಾಗಿ ನೋಡಿದವಳೊಬ್ಬಳು ನಾವು ಕೇಳಿ ಕೇಳಿಯೇ ನೋಡಿಲ್ಲ ಎಂದು ಬರೆದುಕೊಟ್ಟದ್ದನ್ನು ಓದಲೇಬೇಕು ಅನ್ನಿಸಿತು. ಅದನ್ನು ಅವಳಿಗೂ ಹೇಳಿದೆ. ಹರಿಯಬೇಡಮ್ಮ, ಇದೂ ಕಡತಕ್ಕೆ ಹೋಗಲಿ, ನಿನಗೆ ಒಪ್ಪಿಗೆಯಿದ್ದರೆ ಎಂದೆ. ಅಧ್ಯಕ್ಷರು ಹೂಂ ಎಂದರು.

ಅವಳು ಯೋಚಿಸಿ ಪೆನ್ನು ಕೇಳಿದಳು. ಮಲಗಿದಲ್ಲೇ ಬರೆಯಬೇಕಾದ್ದರಿಂದ ನಾನು ಹಾಳೆಯ ಹಿಂದೆ ರಟ್ಟು ಇಟ್ಟು ಅವಳ ಮುಖದ ಮೇಲೆ ಎತ್ತಿ ಹಿಡಿದೆ. ಪೆನ್ನಿನ ಶಾಯಿ ಮೇಲ್ಮುಖವಾಗಿ ಹರಿಯದೆ ಎರಡು ಸಲ ನಿಂತಿತು, ಅವಳು ಝಾಡಿಸಿ ಝಾಡಿಸಿ ಮತ್ತೆ ಬರೆದಳು. ತನ್ನ ಹಳೆಯ ಸಹಿಯ ಕೆಳಗೆ, ಸೊಟ್ಟ ಅಕ್ಷರಗಳಲ್ಲಿ: ಹಕ್ಕಿ ಇತ್ತು. ನಾನು ನೋಡಿದೆ.